ಆದೇಶ ಬರತೈತಿ, ತಡಿ

ಮಕ್ತಲದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಒಂದು ಊರಿನ ಸರ್ಕಾರಿ ಹೈಸ್ಕೂಲಿನಲ್ಲಿ ಕೊರೊನಾಕ್ಕೆ ಮೊದಲು ನಾನು ಐದು ವರ್ಷ ಕನ್ನಡ ಕಲಿಸಿದೆ. ಐದು ವರ್ಷ ಎಂದು ಜನರಿಗೆ ಹೇಳುತ್ತೇನೆ. ನಿಜವಾಗಿ ಅದು ಐದು ಸಲ ಹತ್ತು ಹತ್ತು ತಿಂಗಳು. ಜೂನಿನಲ್ಲಿ ಆದೇಶ ಬರುತ್ತಿತ್ತು, ಏಪ್ರಿಲ್‌ನಲ್ಲಿ ಅದು ತನ್ನಷ್ಟಕ್ಕೆ ಮುಗಿಯುತ್ತಿತ್ತು. ನಾಳೆಯಿಂದ ಬರಬೇಡಿ ಎಂದು ಯಾರೂ ಹೇಳುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಖಾಯಂ ಮಾಸ್ತರುಗಳ ಹೆಸರು ಶಾಯಿಯಲ್ಲಿರುತ್ತಿತ್ತು, ನಮ್ಮ ಹೆಸರು ಎಲ್ಲರ ಕೆಳಗೆ ಪೆನ್ಸಿಲ್ಲಿನಲ್ಲಿ. ಬೇಸಿಗೆ ಕಳೆದು ಹೋದರೆ ಹೊಸ ಪುಸ್ತಕ, ಅದರಲ್ಲಿ ನಾವಿಲ್ಲ. ಮತ್ತೆ ದರಖಾಸ್ತು ಕೊಡಬೇಕು, ಮತ್ತೆ ಸರ್ಟಿಫಿಕೇಟುಗಳನ್ನು ಹಿಡಿದು ನಿಲ್ಲಬೇಕು. ಮೊದಲು ಅದಕ್ಕಾಗಿ ಮಹಬೂಬನಗರಕ್ಕೆ ಹೋಗುತ್ತಿದ್ದೆವು. ನಾರಾಯಣಪೇಟೆಯೇ ಜಿಲ್ಲೆಯಾದ ಮೇಲೆ ದಾರಿ ಕಡಿಮೆಯಾಯಿತು, ಸಾಲು ಕಡಿಮೆಯಾಗಲಿಲ್ಲ.

ಆದರೂ ಆ ದಿನಗಳಲ್ಲಿ ಮನಸ್ಸಿನಲ್ಲಿ ಒಂದು ಹುರುಪು ಇತ್ತು. ತೆಲುಗಿನ ರಾಜ್ಯ ಒಡೆದು ನಮ್ಮದು ಹೊಸದಾಗಿತ್ತು. ಚಹಾದ ಅಂಗಡಿಯಲ್ಲಿ, ಬಸ್ಸಿನಲ್ಲಿ, ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಎಲ್ಲರೂ ನನಗೆ ಒಂದೇ ಮಾತು ಹೇಳುತ್ತಿದ್ದರು: "ಇನ್ನೇನ್ರೀ, ನಮ್ಮ ರಾಜ್ಯ ನಮಗ ಬಂತು. ಇನ್ನ ನಿಮ್ಮದು ಖಾಯಂ ಆದಂಗ." ನಾನೂ ನಂಬಿದ್ದೆ. ಹಾಗೆ ನಂಬಿಯೇ ರಾಯಚೂರಿನ ಒಂದು ಖಾಸಗಿ ಶಾಲೆಯವರು ಕರೆದಾಗ ಬರುವುದಿಲ್ಲ ಎಂದಿದ್ದೆ. ನನ್ನ ಗಂಡನಿಗೆ ಮಕ್ತಲದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ ಇತ್ತು. ಮನೆ ನಡೆಯುತ್ತಿತ್ತು. ನನ್ನ ಕಾಯುವಿಕೆ ಯಾರಿಗೂ ಭಾರವಾಗಿರಲಿಲ್ಲ.

ನಮ್ಮ ಶಾಲೆಯ ಒಂದೇ ಕಟ್ಟಡದಲ್ಲಿ ಎರಡು ಮಾಧ್ಯಮಗಳಿದ್ದವು. ದೊಡ್ಡ ಕೋಣೆಗಳಲ್ಲಿ ತೆಲುಗು, ಹಿಂದಿನ ಮೂರು ಕೋಣೆಗಳಲ್ಲಿ ಕನ್ನಡ. ನಮ್ಮ ಕಡೆ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು, ಕಚೇರಿಗೆ ಹೋದರೆ ಅಷ್ಟಿಷ್ಟು ಉರ್ದು. ಮಕ್ಕಳಿಗೆ ಇದೆಲ್ಲ ಆಟವಿದ್ದಂತೆ. ಆದರೆ ಪಾಠ ತಲೆಗೆ ಹೋಗಬೇಕಾದರೆ ಮನೆಯ ಮಾತೇ ಬೇಕು. ಕನ್ನಡದ ಕಡೆ ತಾತ್ಕಾಲಿಕವಾಗಿ ಇದ್ದವರು ನಾವಿಬ್ಬರು. ಒಬ್ಬಳು ನಾನು. ಇನ್ನೊಬ್ಬಳು ಗಣಿತದ ಮೇಡಮ್. ಊರಿನವರು, ಮಕ್ಕಳು, ಕೊನೆಗೆ ಬಸ್ಸಿನ ಕಂಡಕ್ಟರ್ ಕೂಡ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ನನಗಿಂತ ಎಂಟು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಅವಳದು ಕುರಿ ಕಾಯುವ ಮನೆತನ. ಬೀರಪ್ಪನ ಒಕ್ಕಲು. ಅಪ್ಪ ವರ್ಷದಲ್ಲಿ ಆರು ತಿಂಗಳು ಕುರಿಯ ಹಿಂದೆ ಕೃಷ್ಣೆಯ ಆಚೆ ಈಚೆ ತಿರುಗುವವನು. ಆ ಮನೆಯಲ್ಲಿ ಹತ್ತನೆಯ ತರಗತಿ ದಾಟಿದವಳು ಇವಳೊಬ್ಬಳೇ. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಮಾಡಿದಳು, ಬಿ.ಎಡ್. ಮಾಡಿದಳು. ನಾನು ಪಾಠ ಮಾಡುತ್ತಿದ್ದೆ, ಅವಳು ಕಲಿಸುತ್ತಿದ್ದಳು. ಈ ವ್ಯತ್ಯಾಸ ನನಗೆ ಮೊದಲ ವಾರದಲ್ಲಿಯೇ ತಿಳಿದುಹೋಯಿತು. ಐದನೆಯ ವರ್ಷ ಒಂದು ದಿನ ಅಂಗಳದಲ್ಲಿ ಗದ್ದಲ ಕೇಳಿ ಕಿಟಕಿಯಿಂದ ನೋಡಿದರೆ, ಒಂಬತ್ತನೆಯ ತರಗತಿಯ ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆತಂದು ಒಂದು ಉದ್ದನೆಯ ಹಗ್ಗ ಕೊಟ್ಟಿದ್ದಾಳೆ.

"ನಮ್ಮಪ್ಪ ಕುರಿಹಟ್ಟಿಗೆ ಬಲಿ ದುಂಡಗ ಯಾಕ ಕಟ್ಟತಾನ? ಚೌಕ ಯಾಕ ಕಟ್ಟಂಗಿಲ್ಲ?" ಎಂದು ಕೇಳುತ್ತಿದ್ದಳು. ಬಲಿ ಎಂದರೆ ರಾತ್ರಿ ಕುರಿಗಳ ಸುತ್ತ ಕಟ್ಟುವ ಬಲೆ. ಮಕ್ಕಳು ಹಗ್ಗವನ್ನು ಚೌಕವಾಗಿ ಹಿಡಿದು ಒಳಗೆ ಎಷ್ಟು ಜನ ನಿಲ್ಲುತ್ತಾರೆ ನೋಡಿದರು. ಆಮೇಲೆ ಉದ್ದಕ್ಕೆ ಎಳೆದು ನೋಡಿದರು. ಕೊನೆಗೆ ದುಂಡಗೆ ಹಿಡಿದರು. ದುಂಡಗೆ ಹಿಡಿದಾಗ ಇನ್ನೂ ಮೂವರು ಒಳಗೆ ಬಂದರು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಯಾವತ್ತೂ ಬಾಯಿ ತೆರೆಯದವಳು, "ಅದೇ ಬಲಿ, ಜಾಸ್ತಿ ಕುರಿ!" ಎಂದು ಕೂಗಿಬಿಟ್ಟಳು. ಗಣಿತದ ಮೇಡಮ್ ಅವಳ ಬೆನ್ನು ತಟ್ಟಿದಳು. "ನಮ್ಮಪ್ಪಗ ಅಕ್ಷರ ಬರಂಗಿಲ್ಲ, ಇದು ಬರತೈತಿ. ನಿಮಗೆ ಎರಡೂ ಬರಬೇಕು." ನಾನು ಕಿಟಕಿಯ ಬಳಿ ನಿಂತು, ನನಗೆ ಇಂಥ ಮೇಷ್ಟ್ರು ಸಿಕ್ಕಿದ್ದರೆ ಲೆಕ್ಕವೆಂದರೆ ಇಷ್ಟು ಹೆದರುತ್ತಿರಲಿಲ್ಲ ಎಂದುಕೊಂಡೆ.

ಬೆಳಿಗ್ಗೆ ಎಂಟರ ಬಸ್ಸಿಗೆ ಇಬ್ಬರೂ ಕೂಡಿ ಹೋಗುತ್ತಿದ್ದೆವು. ಅವಳು ತನ್ನ ಊರಿನಿಂದ ಆಟೋದಲ್ಲಿ ಮಕ್ತಲಕ್ಕೆ ಬಂದು ನನಗಾಗಿ ಕಿಟಕಿಯ ಪಕ್ಕ ಜಾಗ ಹಿಡಿದಿರುತ್ತಿದ್ದಳು. ಅವಳ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ. ನನ್ನ ಡಬ್ಬಿಯಲ್ಲಿ ಏನಿದ್ದರೂ ನಾನು ಅವಳದನ್ನೇ ತಿನ್ನುತ್ತಿದ್ದೆ. ಐದು ವರ್ಷದಲ್ಲಿ ನಮ್ಮಿಬ್ಬರ ನಡುವೆ ಒಂದೇ ಒಂದು ಒರಟು ಮಾತು ಬಂದಿರಲಿಲ್ಲ.

ಆ ಐದನೆಯ ವರ್ಷದ ಮಾರ್ಚಿನಲ್ಲಿ, ಪರೀಕ್ಷೆಯ ಹೊತ್ತಿಗೆ ಸರಿಯಾಗಿ, ಕಾಯಿಲೆಯ ಭಯಕ್ಕೆ ಶಾಲೆ ಮುಚ್ಚಿತು. ಹೆಡ್‌ಮಾಸ್ತರು ಎಲ್ಲರನ್ನೂ ಕರೆದು, "ಹದಿನೈದು ದಿನ ಅಷ್ಟ ರೀ. ಮನಿಯಾಗ ಇರ್ರಿ, ಕೈ ತೊಳ್ಕೋರಿ" ಎಂದರು. ಒಳ್ಳೆಯ ಮನುಷ್ಯ ಅವರು. ಅವರಿಗೂ ಅಷ್ಟೇ ಗೊತ್ತಿತ್ತು. ಮನೆಗೆ ಬರುವ ಬಸ್ಸಿನಲ್ಲಿ ನಾವಿಬ್ಬರೂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಬ್ಬರ ಮುಖ ಒಬ್ಬರು ನೋಡಿ ನಕ್ಕೆವು.

ಏಪ್ರಿಲ್, ಮೇ ಹೇಗೂ ನಮಗೆ ಕೆಲಸವಿಲ್ಲದ ತಿಂಗಳುಗಳು. ಹಾಗಾಗಿ ಮೊದಲಿಗೆ ನಮಗೇನೂ ಹೊಸದೆನಿಸಲಿಲ್ಲ. ಜೂನ್ ಬಂತು, ಹೋಯಿತು. ಶಾಯಿಯ ಹೆಸರಿನವರನ್ನು ಶಾಲೆಗೆ ಕರೆದರು. ಮಕ್ಕಳಿಲ್ಲದ ಶಾಲೆಯಲ್ಲಿ ಅವರು ಕುಳಿತು ಬಂದರು. ನಮಗೆ ಕರೆ ಬರಲಿಲ್ಲ. ಮಕ್ಕಳಿಗೆ ಪಾಠ ಟಿವಿಯಲ್ಲಿ ಬರತೊಡಗಿತು, ತೆಲುಗಿನಲ್ಲಿ. ನಮ್ಮ ಮಕ್ಕಳು ಸ್ವಲ್ಪ ಹೊತ್ತು ನೋಡಿ ಹೊಲಕ್ಕೆ ಹೋದರು. ಗಣಿತದ ಮೇಡಮ್ ಮಾತ್ರ ಸುಮ್ಮನಿರಲಿಲ್ಲ. ತನ್ನ ಊರಿನ ಬೀರಪ್ಪನ ಗುಡಿಯ ಮುಂದೆ ಬೇವಿನ ಮರದ ಕೆಳಗೆ ಏಳೆಂಟು ಮಕ್ಕಳನ್ನು ದೂರ ದೂರ ಕೂಡಿಸಿ ಲೆಕ್ಕ ಹೇಳಿಕೊಟ್ಟಳು. ಹತ್ತು ದಿನ ನಡೆಯಿತು. ಆಮೇಲೆ ಊರ ಹಿರಿಯರು, "ಮಂದಿ ಕೂಡಸಬ್ಯಾಡವ್ವ, ನಾಳೆ ಯಾರಿಗರ ಹತ್ತಿದ್ರ ನಿನ್ನ ಮ್ಯಾಲ ಬರತೈತಿ" ಎಂದು ನಿಲ್ಲಿಸಿದರು.

ಜುಲೈಯ ಒಂದು ಮಧ್ಯಾಹ್ನ ಅವಳು ನನ್ನ ಮನೆಗೆ ಬಂದಳು. ಚೀಲದಲ್ಲಿ ತನ್ನದೇ ಸ್ಟೀಲಿನ ಲೋಟ ತಂದಿದ್ದಳು. ನಾನು ಅದಕ್ಕೇ ಚಹಾ ಹಾಕಿದೆ. ಕಟ್ಟೆಯ ಆ ತುದಿಗೆ ಅವಳು, ಈ ತುದಿಗೆ ನಾನು ಕುಳಿತೆವು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ಬಂದ ಕಾರಣ ಹೇಳಿದಳು. ಗದ್ವಾಲದಲ್ಲಿ ಹತ್ತಿಬೀಜದ ಕಾರ್ಖಾನೆಯೊಂದರಲ್ಲಿ ಬೀಜ ಪರೀಕ್ಷೆಯ ಕೋಣೆಯ ಕೆಲಸ ಖಾಲಿ ಇದೆ. ಬೀಜವನ್ನು ಒದ್ದೆ ಕಾಗದದಲ್ಲಿ ಸುತ್ತಿಟ್ಟು, ನೂರಕ್ಕೆ ಎಷ್ಟು ಮೊಳೆತವು ಎಂದು ಎಣಿಸಿ ಬರೆಯುವುದು. ಹಾಸ್ಟೆಲಿನ ಗೆಳತಿಯ ಅಣ್ಣ ಅಲ್ಲಿದ್ದಾನೆ, ಇವಳ ಹೆಸರು ಹೇಳಿದ್ದಾನೆ.

"ಖಾಯಂ ಕೆಲಸ ಅಂತರೀ ಅಕ್ಕಾ. ವರ್ಷ ಪೂರ್ತಿ. ಸೋಮವಾರದೊಳಗ ಬಂದು ಸೇರು ಅಂದಾರ. ಏನ ಮಾಡಲಿ?"

ಇಲ್ಲಿ ನಾನು ಒಂದು ವಿಷಯ ಹೇಳಬೇಕು. ಅದಕ್ಕೆ ಒಂದು ವಾರ ಮೊದಲು ಹೆಡ್‌ಮಾಸ್ತರು ನನಗೆ ಫೋನು ಮಾಡಿದ್ದರು. "ಮೇಡಮ್, ಆದೇಶ ಬಂದಾಗ ನೀವಿಬ್ಬರೂ ಇರಬೇಕು. ಗಣಿತಕ್ಕ ಕನ್ನಡದಾಗ ಹೇಳೋರು ಇನ್ನೊಬ್ಬರು ಸಿಗಂಗಿಲ್ಲ. ಒಬ್ಬರು ಹೋದ್ರೂ ಕನ್ನಡ ವಿಭಾಗ ತೆಲುಗಿನಾಗ ಕೂಡಸತಾರ" ಎಂದಿದ್ದರು. ವಿಭಾಗ ಹೋದರೆ ಕನ್ನಡದ ಮೇಡಮ್ ಯಾರಿಗೆ ಬೇಕು? ಅವಳು ಗದ್ವಾಲಕ್ಕೆ ಹೋದರೆ ನನ್ನ ಐದು ವರ್ಷದ ಕಾಯುವಿಕೆ ಮಣ್ಣುಪಾಲು. ಅವಳು "ಏನ ಮಾಡಲಿ" ಎಂದು ಕೇಳಿದ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಇದೊಂದೇ. ಮಕ್ಕಳ ನೆನಪು ಆಮೇಲೆ ಬಂತು, ಬಾಯಿಂದ ಮಾತ್ರ ಅದೇ ಮೊದಲು ಹೊರಬಿತ್ತು.

"ನೀ ಹೋದ್ರ ಆ ಮಕ್ಕಳ ಗತಿ ಏನವ್ವ? ನೀನಾದ್ರೂ ಬೀಜ ಎಣಸಾಕ ಓದಿದಿಯೇನು?" ಎಂದೆ. "ಆದೇಶ ಬರತೈತಿ, ತಡಿ. ಈ ತಿಂಗಳಿಲ್ಲಾಂದ್ರ ಮುಂದಿನ ತಿಂಗಳು. ಖಾಯಂ ಮಾಡೋ ಹೊತ್ತಿಗೆ ನೀ ಇಲ್ಲಾಂದ್ರ ಎಷ್ಟು ಹಳಹಳಿ ಆದೀತು, ಯೋಚನೆ ಮಾಡು."

ಹೆಡ್‌ಮಾಸ್ತರ ಫೋನಿನ ಮಾತು ಹೇಳಲಿಲ್ಲ.

ಅವಳು ಲೋಟದಲ್ಲಿ ಉಳಿದಿದ್ದ ಚಹಾ ಕುಡಿದು ಮುಗಿಸಿದಳು. ಆಮೇಲೆ, "ಹಂಗಂತೀರಿ" ಎಂದಳು. ಅದು ಪ್ರಶ್ನೆಯೋ ಒಪ್ಪಿಗೆಯೋ ನನಗೆ ತಿಳಿಯಲಿಲ್ಲ. ನಾನು ಒಪ್ಪಿಗೆ ಎಂದುಕೊಂಡೆ. ಲೋಟ ತೊಳೆದು, ಚೀಲಕ್ಕೆ ಹಾಕಿಕೊಂಡು ಹೊರಟಳು. ಸೋಮವಾರ ಕಳೆಯಿತು. ಅವಳು ಗದ್ವಾಲಕ್ಕೆ ಹೋಗಲಿಲ್ಲ. ಆ ಕೆಲಸ ಬೇರೆ ಯಾರಿಗೋ ಆಯಿತು.

ಆದೇಶವೂ ಬರಲಿಲ್ಲ. ಆಗಸ್ಟ್ ಹೋಯಿತು, ದಸರೆ ಹೋಯಿತು, ದೀಪಾವಳಿ ಹೋಯಿತು. ವಾರಕ್ಕೊಮ್ಮೆ ಅವಳ ಫೋನು ಬರುತ್ತಿತ್ತು. "ಏನರ ಸುದ್ದಿ ಐತೇನ್ರೀ ಅಕ್ಕಾ?" ಮೊದಮೊದಲು ನಾನು ಅರ್ಧ ಗಂಟೆ ಧೈರ್ಯ ಹೇಳುತ್ತಿದ್ದೆ. ಆಮೇಲೆ ಐದು ನಿಮಿಷ. ಆಮೇಲೆ ಒಲೆಯ ಮೇಲೆ ಹಾಲಿದೆ, ಮತ್ತೆ ಮಾತಾಡೋಣ ಎನ್ನುವುದು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ. ಸಂತೆಗಳು ನಿಂತು ಅವಳ ಅಪ್ಪನ ಕುರಿಗಳನ್ನು ಕೇಳುವವರಿರಲಿಲ್ಲ. ಊರಲ್ಲಿ ಓದಿದ ಹುಡುಗಿ ಮನೆಯಲ್ಲಿ ಕುಳಿತದ್ದನ್ನು ನೋಡಿ ಜನ ಏನೇನೋ ಅನ್ನುತ್ತಿದ್ದರು. ಇದನ್ನೆಲ್ಲ ಅವಳು ಒಂದೊಂದೇ ಮಾತಿನಲ್ಲಿ ಹೇಳುತ್ತಿದ್ದಳು, ದೂರಿನಂತೆ ಅಲ್ಲ, ಹವಾಮಾನದ ಸುದ್ದಿಯಂತೆ.

ಮರುವರ್ಷ ಎರಡನೆಯ ಸಲ ಕಾಯಿಲೆ ಜೋರಾಗಿ ಬಂದು ಇಳಿದ ಮೇಲೆ, ಲಸಿಕೆ ಹಾಕುವ ತಂಡಗಳಲ್ಲಿ ಹೆಸರು ಬರೆದುಕೊಳ್ಳುವವರು ಬೇಕಾಗಿದ್ದಾರೆ ಎಂದು ಯಾರೋ ನನ್ನ ಫೋನಿಗೆ ಕಳುಹಿಸಿದರು. ಗುತ್ತಿಗೆಯ ಕೆಲಸ, ಗದ್ವಾಲದ ಕಡೆ. ಡಿಗ್ರಿ ಇದ್ದರೆ ಸಾಕು. ನಾಲ್ಕೈದು ಜನ ಬೇಕು ಎಂದಿತ್ತು. ಅಂಗಡಿ ಸರಿಯಾಗಿ ನಡೆಯದೆ ಆರು ತಿಂಗಳಾಗಿತ್ತು. ಗಂಡ "ಹೋಗಿ ನೋಡು" ಎಂದ. ಆ ಸಂದೇಶವನ್ನು ಅವಳಿಗೆ ಕಳುಹಿಸಬೇಕೆಂದು ಅವಳ ಹೆಸರಿನ ತನಕ ಹೋದೆ. ಅಲ್ಲಿ ಬೆರಳು ನಿಂತಿತು. ಅವಳು ಬಂದರೆ ನನಗಿಂತ ಚುರುಕು, ನನಗಿಂತ ಚಿಕ್ಕವಳು. ನಾಲ್ಕು ಹೋಗಿ ಮೂರಾದರೆ, ಮೂರು ಹೋಗಿ ಎರಡಾದರೆ ಯಾರನ್ನು ಇಟ್ಟುಕೊಳ್ಳುತ್ತಾರೆ? ನನಗೆ ಸಿಕ್ಕ ಮೇಲೆ ಹೇಳೋಣ ಎಂದುಕೊಂಡೆ. ಸಿಕ್ಕಿತು. ಸಿಕ್ಕ ಮೇಲೆ ಹೇಳಲು ನಾಚಿಕೆಯಾಯಿತು. ಹತ್ತು ತಿಂಗಳ ಬದುಕು ಬದುಕಿದವರಿಗೆ ಇಂಥ ಸಣ್ಣತನ ಬಂದುಬಿಡುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದುಂಟು. ಆದರೆ ಅವಳೂ ಅದೇ ಬದುಕನ್ನೇ ಬದುಕಿದ್ದವಳು. ಅವಳಿಗೆ ಬಂದಿರಲಿಲ್ಲ.

ಜುರಾಲಾ ಅಣೆಕಟ್ಟಿನ ಮೇಲೆ ಹಾದು ಗದ್ವಾಲಕ್ಕೆ ಹೋಗುವ ಬಸ್ಸಿನಲ್ಲಿ ಈಗ ನಾನೊಬ್ಬಳೇ ಕೂರುತ್ತಿದ್ದೆ. ಗದ್ವಾಲದಿಂದ ಜೀಪು. ಒಬ್ಬ ನರ್ಸಮ್ಮ, ಒಬ್ಬ ಡ್ರೈವರ್, ನಾನು. ನನ್ನ ಕೈಯಲ್ಲಿ ಒಂದು ಟ್ಯಾಬ್. ವಡ್ಡೆಪಲ್ಲಿ, ರಾಜೋಳಿ, ಅಲಂಪುರದ ದಾರಿಯ ಹಳ್ಳಿಗಳನ್ನೆಲ್ಲ ಸುತ್ತಿದೆವು. ಭಾದ್ರಪದದಲ್ಲಿ ಊರುಗಳಲ್ಲಿ ಜನ ಸಿಗುವುದಿಲ್ಲ. ಎಲ್ಲರೂ ಬೀಜಕ್ಕಾಗಿ ಬೆಳೆಯುವ ಹತ್ತಿಯ ಹೊಲಗಳಲ್ಲಿ ಇರುತ್ತಾರೆ. ಹಾಗಾಗಿ ಹೊಲಕ್ಕೇ ಹೋಗಿ ಲಸಿಕೆ ಹಾಕಬೇಕೆಂದಾಯಿತು.

ಒಂದು ದಿನ ರಾಜೋಳಿಯ ಹತ್ತಿರ ಒಂದು ಹೊಲದ ಬದಿಗೆ ಜೀಪು ನಿಂತಿತು. ಎದೆಮಟ್ಟ ಹತ್ತಿ. ಬಿಳಿ ಕೋಟು ಕಂಡದ್ದೇ ತಡ, ಸಾಲುಗಳ ನಡುವೆ ಬಗ್ಗಿ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಮಾಯವಾದರು. ಸೂಜಿ ಚುಚ್ಚಿಸಿಕೊಂಡರೆ ಎರಡು ದಿನ ಜ್ವರ ಬರುತ್ತದೆ, ಕೂಲಿ ಹೋಗುತ್ತದೆ ಎಂಬ ಭಯ. ನಮ್ಮ ಕಡೆಯ ಹಳ್ಳಿಗಳಿಂದ ಕೂಲಿಯವರನ್ನು ಕರೆತಂದಿದ್ದ ಗುತ್ತೇದಾರ ಬದುವಿನ ಮೇಲೆ ನಿಂತು ತೆಲುಗಿನಲ್ಲಿ ಕೂಗಿದ. ಯಾರೂ ಏಳಲಿಲ್ಲ. ಆಗ ಹೊಲದ ನಡುವಿನಿಂದ ಒಂದು ಹೆಣ್ಣಿನ ದನಿ ಬಂತು.

"ಸಾಲಿ ತಪ್ಪಸೋ ಹುಡುಗ್ರಂಗ ಯಾಕ ಅಡಗತೀರಿ? ನಾ ಮೊದಲ ನಿಂದರತೀನಿ, ಬರ್ರಿ. ಜ್ವರ ಬಂದ್ರ ನಿಮ್ಮ ಸಾಲು ನಾ ಮಾಡತೀನಿ. ಏಳ್ರಿ, ಎದ್ದು ಒಂದು ಸಾಲಾಗಿ ಬರ್ರಿ."

ಮುಖ ಕಾಣುವ ಮೊದಲೇ ನನಗೆ ಆ ದನಿ ಗೊತ್ತಾಯಿತು.

ತಲೆಗೆ ಟವೆಲು ಸುತ್ತಿ, ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ಅವಳು ಹತ್ತಿಯ ಸಾಲಿನಿಂದ ಹೊರಗೆ ಬಂದಳು. ಹಿಂದೆ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಅವಳು ನನ್ನನ್ನು ನೋಡಿದಳು. ಒಂದು ಕ್ಷಣ ನಿಂತಳು, ಅಷ್ಟೇ. ಮೊದಲು ತೋಳು ಚಾಚಿ ಚುಚ್ಚಿಸಿಕೊಂಡಳು, ಆಮೇಲೆ ಪಕ್ಕಕ್ಕೆ ನಿಂತು ಒಬ್ಬೊಬ್ಬರನ್ನೇ ಮುಂದೆ ಕಳುಹಿಸಿದಳು. ಹೆದರಿದವರ ಕೈ ಹಿಡಿದುಕೊಂಡಳು. ತನ್ನ ಹೆಸರು ಬರೆಸಲು ಎಲ್ಲರ ಕೊನೆಗೆ ನನ್ನ ಮುಂದೆ ಬಂದಳು.

ನಾನು ಹೆಸರು ಕೇಳಿದೆ. ನನಗೆ ಗೊತ್ತಿದ್ದ ಹೆಸರನ್ನು ಅವಳು ಅಪರಿಚಿತಳಿಗೆ ಹೇಳುವಂತೆ ಹೇಳಿದಳು. ವಯಸ್ಸು ಕೇಳಿದೆ. ಹೇಳಿದಳು. ನಮ್ಮ ಪಟ್ಟಿಯಲ್ಲಿ ಮುಂದಿನದು ಕೆಲಸದ ಅಂಕಣ. ನನಗೆ ಕೇಳಲಾಗಲಿಲ್ಲ.

"ರಾಯಂಡಿ ಮೇಡಮ್, ಟೈಮ್ ಅವುತೋಂದಿ," ಬರೆಯಿರಿ, ಹೊತ್ತಾಗುತ್ತಿದೆ ಎಂದು ನರ್ಸಮ್ಮ ಅವಸರ ಮಾಡಿದಳು.

"ಕೂಲಿ ಅಂತ ಬರಕೋರಿ" ಎಂದಳು ಅವಳು.

ನಾನು 'ಶಿಕ್ಷಕಿ' ಎಂದು ಬರೆದೆ. ಅವಳು ಬಗ್ಗಿ ಪರದೆ ನೋಡಿದಳು. ದನಿ ತಗ್ಗಿಸಿ, "ಅಳಸ್ರಿ ಅಕ್ಕಾ" ಎಂದಳು. "ಆ ಗುತ್ತೇದಾರ ಪಟ್ಟಿ ನೋಡತಾನ. ಓದಿದಾಕಿ ಅಂತ ಗೊತ್ತಾದ್ರ ಮುಂದಿನ ಹಂಗಾಮಿಗೆ ಕರಿಯಂಗಿಲ್ಲ. ಇಂಥಾಕಿ ಎದುರು ಮಾತಾಡತಾಳ ಅಂತ ತಿಳೀತಾರ. ನಾ ಏಳನೇ ಇಯತ್ತೆ ಅಂತ ಹೇಳೀನಿ."

ನಾನು ಅಳಿಸಿ 'ಕೂಲಿ' ಎಂದು ಬರೆದೆ.

ಲಸಿಕೆಯ ನಂತರ ಅರ್ಧ ಗಂಟೆ ಎಲ್ಲರೂ ಕುಳಿತಿರಬೇಕು. ಜಾಲಿ ಮರದ ನೆರಳಿನಲ್ಲಿ ಅವಳ ಪಕ್ಕ ಕುಳಿತೆ. "ಇದು ಏನು ಕೆಲಸ?" ಎಂದು ಕೇಳಿದೆ. ಅವಳು ಒಂದು ಮೊಗ್ಗು ಕಿತ್ತು ತಂದು ಹೇಳತೊಡಗಿದಳು. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತಿಸಬೇಕು. ಉಗುರಿನಿಂದ ಸೀಳಿ ಎಸಳು, ಪರಾಗದ ಎಳೆಗಳನ್ನೆಲ್ಲ ತೆಗೆಯಬೇಕು. ನಡುವಿನ ಕಡ್ಡಿಗೆ ಏಟು ಬೀಳಬಾರದು. ಕೆಂಪು ಕಾಗದದ ಚೂರು ಸಿಕ್ಕಿಸಿ ಗುರುತು ಮಾಡಬೇಕು. ಮರುದಿನ ಬೆಳಿಗ್ಗೆ ಪರಾಗಕ್ಕೆಂದೇ ಬೆಳೆಸಿದ ಗಂಡುಸಾಲಿನ ಹೂವು ತಂದು ಅದಕ್ಕೆ ಮುಟ್ಟಿಸಬೇಕು. "ಒಂದು ಗಂಡುಹೂವಿಗೆ ನಾಕೈದು ಮೊಗ್ಗು ಆಗತಾವ. ಅಷ್ಟರೊಳಗ ಬಿಸಲು ಏರಬಾರದು" ಎಂದಳು. ಅವಳ ಹೆಬ್ಬೆರಳಿನ ಉಗುರು ಕಪ್ಪಾಗಿ ಸೀಳಿತ್ತು. ಹೇಳುವಾಗ ಮಾತ್ರ ಅವಳು ತರಗತಿಯಲ್ಲಿ ನಿಂತವಳೇ ಆಗಿದ್ದಳು. ಸುತ್ತ ಕುಳಿತ ಹೆಂಗಸರು ತಮಗೆ ಗೊತ್ತಿದ್ದ ಕೆಲಸವನ್ನೇ ಹೊಸದಾಗಿ ಕೇಳುತ್ತಿದ್ದರು.

ನನ್ನ ಈ ಕೆಲಸ ಹೇಗೆ ಸಿಕ್ಕಿತೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಯೇ ಎಲ್ಲ ಹೇಳಿಬಿಡುತ್ತಿದ್ದೆನೋ ಏನೋ. ಜೀಪಿನ ಹಾರ್ನ್ ಆಯಿತು, ಎದ್ದೆ. "ಆರಾಮ ಇರ್ರಿ ಅಕ್ಕಾ" ಎಂದಳು.

ಆ ಹೊತ್ತಿಗೆ ಶಾಲೆಗಳು ಮತ್ತೆ ತೆರೆದಿದ್ದವು. ತಾತ್ಕಾಲಿಕದವರನ್ನು ಮಾತ್ರ ಕರೆದಿರಲಿಲ್ಲ. ಕನ್ನಡ ವಿಭಾಗವನ್ನು ಹೆಡ್‌ಮಾಸ್ತರು ಹೇಗೋ ಎಳೆದುಕೊಂಡು ಹೋಗುತ್ತಿದ್ದರು, ತಾವೇ ಎರಡು ವಿಷಯ ಹೇಳಿ. ಲಸಿಕೆಯ ಕೆಲಸವೂ ಒಂದು ದಿನ ಮುಗಿಯಿತು. ನಮ್ಮ ಫೋನಿನ ಗುಂಪಿನಲ್ಲಿ "ಎಲ್ಲರಿಗೂ ಧನ್ಯವಾದಗಳು" ಎಂದು ಬಂತು, ಆ ಸಂಜೆಯೇ ಗುಂಪು ಇರಲಿಲ್ಲ. ಮನೆಯಲ್ಲಿ ಕುಳಿತೆ. ಗಂಡನ ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುವುದನ್ನು ಕಲಿತೆ. ಸುತ್ತುವಾಗ ಕೈಗೆ ಕೆಲಸವಿತ್ತು, ತಲೆಗೆ ಇರಲಿಲ್ಲ. ಆ ಜುಲೈಯ ಮಧ್ಯಾಹ್ನ ಸುಮ್ಮಸುಮ್ಮನೆ ಎದುರಿಗೆ ಬಂದು ನಿಲ್ಲುತ್ತಿತ್ತು.

ಕೊನೆಗೂ ಮರುವರ್ಷ ಹೆಡ್‌ಮಾಸ್ತರ ಫೋನು ಬಂತು. ಅವರು ನಿವೃತ್ತರಾಗಲು ಕೆಲವೇ ತಿಂಗಳಿದ್ದವು. "ಮೇಡಮ್, ಈ ಸಲ ತಾತ್ಕಾಲಿಕದವರನ್ನ ತಗೋಬಹುದು ಅಂದಾರ. ನೀವು ಬರ್ರಿ. ಗಣಿತದ ಮೇಡಮ್ಮನ್ನ ಹೆಂಗಾರ ಮಾಡಿ ಕರಕೊಂಡು ಬರ್ರಿ." ಫೋನಿನಲ್ಲಿ ಕೇಳಿದರೆ ಇಲ್ಲವೆನ್ನುತ್ತಾಳೆಂದು ನಾನೇ ಗದ್ವಾಲಕ್ಕೆ ಹೋದೆ.

ಕೋಟೆಯ ಹಿಂದಿನ ಓಣಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ತಾಯಿಯ ಜೊತೆ ಇದ್ದಳು. ಅಷ್ಟರಲ್ಲಿ ಅವಳೇ ನಲವತ್ತು ಹೆಂಗಸರ ಮೇಲ್ವಿಚಾರಕಿಯಾಗಿದ್ದಳು. ಹಂಗಾಮಿನಲ್ಲಿ ಹತ್ತಿ, ಹಂಗಾಮು ಮುಗಿದ ಮೇಲೆ ಮೆಣಸಿನಕಾಯಿ. ತಾಯಿ ನನಗೆ ರೊಟ್ಟಿ ಬಡಿಸಿ, "ಮಾಸ್ತರಮ್ಮ ಬಂದಾರ, ತುಪ್ಪ ಹಾಕು" ಎಂದು ಮಗಳಿಗೆ ಹೇಳಿ, ಪಕ್ಕದ ಮನೆಗೆ ಹೋದಳು. ನಾನು ಶಾಲೆಯ ಸುದ್ದಿ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ತಲೆ ಅಲ್ಲಾಡಿಸಿದಳು.

"ನಾ ಬರಂಗಿಲ್ರೀ ಅಕ್ಕಾ."

"ನೀ ಕಲಿಸೋಕ ಹುಟ್ಟಿದಾಕಿ. ಇದು ನಿನ್ನ ಕೆಲಸ ಅಲ್ಲ."

"ಏಪ್ರಿಲ್‌ದಾಗ ಮತ್ತ ಮನಿಗೆ ಕಳಸತಾರ. ಇಲ್ಲೂ ಹಂಗಾಮ ಮುಗಿದ್ರ ಮನಿಗೇ, ಸುಳ್ಳಲ್ಲ. ಆದ್ರ ಇಲ್ಲಿ ಮಕ್ಕಳ ಸಲುವಾಗಿ ತಡಿ ಅಂತ ಯಾರೂ ಅನ್ನಂಗಿಲ್ಲ."

ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ, ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದಳು. ಆದರೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಎಲ್ಲ ಹೇಳಿದೆ. ಹೆಡ್‌ಮಾಸ್ತರು ಫೋನು ಮಾಡಿದ್ದು, ವಿಭಾಗ ಹೋದರೆ ನನ್ನ ಜಾಗ ಹೋಗುತ್ತದೆಂದು ಹೆದರಿ ಅವಳನ್ನು ತಡೆದದ್ದು, ಆಮೇಲೆ ಲಸಿಕೆಯ ಕೆಲಸದ ಸಂದೇಶ ಕಳುಹಿಸದೇ ಉಳಿದದ್ದು. "ನಿನ್ನ ಬಾಳು ನಾ ಹಾಳು ಮಾಡಿದೆ" ಎಂದೆ.

ಅವಳು ನನ್ನ ತಟ್ಟೆಯ ಮೇಲೆ ನೊಣ ಕೂರದಂತೆ ಕೈಯಾಡಿಸುತ್ತಿದ್ದಳು.

"ಸೂಜಿ ಕೆಲಸದ್ದು ಗೊತ್ತಿರಲಿಲ್ಲ" ಎಂದಳು. "ಮೊದಲಿಂದು ಗೊತ್ತಿತ್ತರೀ. ಹೆಡ್‌ಮಾಸ್ತರು ಅದೇ ದಿನ ನನಗೂ ಫೋನ್ ಮಾಡಿದ್ರು."

"ಗೊತ್ತಿತ್ತೇನು? ಮತ್ತ ನನ್ನ ಕೇಳಾಕ ಯಾಕ ಬಂದಿ?"

"ನೀವು ಹೋಗು ಅಂತ ಹೇಳತೀರಿ ಅಂತ ಬಂದಿದ್ದೆ. ನಾನಾಗೇ ಹೋದ್ರ ನಿಮ್ಮ ನೌಕರಿ ಕಳದಂಗ ಆಗತಿತ್ತು. ಮಕ್ಕಳನ್ನ ಬಿಟ್ಟಂಗೂ ಆಗತಿತ್ತು. ನೀವು ದೊಡ್ಡಾಕಿ, ನೀವು ಒಂದು ಮಾತು ಹೋಗು ಅಂದಿದ್ರ ನನಗ ಕಾಲು ಬರತಿದ್ದವು."

ನಾನು ಊಹಿಸಿಕೊಂಡಿದ್ದ ಬೈಗುಳಗಳಲ್ಲಿ ಯಾವುದೂ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ. ಅವಳು ಕೇಳಲು ಬಂದದ್ದು ಬುದ್ಧಿಮಾತನ್ನಲ್ಲ, ಅಪ್ಪಣೆಯನ್ನು. ಅದು ನನ್ನ ಕೈಯಲ್ಲಿತ್ತು. ಕೊಡಲಿಲ್ಲ.

ಹೊರಡುವಾಗ ಬಸ್ ನಿಲ್ದಾಣದ ತನಕ ಬಂದಳು. ದಾರಿಯಲ್ಲಿ ಇಬ್ಬರು ಹೆಂಗಸರು ಅವಳನ್ನು ನಿಲ್ಲಿಸಿ ಮರುದಿನದ ಕೆಲಸ ಯಾವ ಹೊಲದಲ್ಲಿ ಎಂದು ಕೇಳಿದರು. ಅವಳು ತೆಲುಗಿನಲ್ಲಿ ಚುರುಕಾಗಿ ಹೇಳಿದಳು. ಅವಳ ಮೇಲೆ ಅವರಿಗಿದ್ದ ಭರವಸೆ ನನಗೆ ಕಾಣುತ್ತಿತ್ತು. ಬಸ್ಸು ಹತ್ತುವಾಗ, "ಸಿಟ್ಟು ಐತೇನ?" ಎಂದು ಕೇಳಿದೆ. "ಇತ್ತರೀ" ಎಂದಳು. ಇದೆ ಎಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ನಾನು ಶಾಲೆಗೆ ಮರಳಿದೆ. ಗಣಿತಕ್ಕೆ ತೆಲುಗಿನ ಕಡೆಯ ಮಾಸ್ತರೊಬ್ಬರು ವಾರಕ್ಕೆ ಮೂರು ಸಲ ಬರುತ್ತಿದ್ದರು. ಪಾಪ, ಅವರು ಕನ್ನಡ ಮಾತಾಡಲು ಪ್ರಯತ್ನಿಸುತ್ತಿದ್ದರು, ಮಕ್ಕಳು ನಗುತ್ತಿದ್ದರು, ಅವರು ಸಿಟ್ಟಾಗುತ್ತಿದ್ದರು. ಆ ಎರಡು ವರ್ಷಗಳಲ್ಲಿ ಹೊಲಕ್ಕೆ ಹೋಗಿದ್ದ ಹುಡುಗಿಯರಲ್ಲಿ ನಾಲ್ವರು ಮರಳಿ ಬರಲೇ ಇಲ್ಲ. ಅವರಲ್ಲೊಬ್ಬಳು ಆ ದಿನ ಅಂಗಳದಲ್ಲಿ ಕೂಗಿದ ಹುಡುಗಿ. ಮದುವೆಯಾಗಿ ಸೇಡಂ ಕಡೆ ಹೋದಳಂತೆ. ಮರುವರ್ಷ ಕನ್ನಡದ ಎಂಟನೆಯ ತರಗತಿಗೆ ಆರು ಮಕ್ಕಳು ಸೇರಿದರು. ಅದರ ಮರುವರ್ಷ ವಿಭಾಗವನ್ನು ತೆಲುಗಿನೊಳಗೆ ಕೂಡಿಸಿದರು. ನಾನು ಯಾವುದಕ್ಕೆ ಹೆದರಿ ಅವಳನ್ನು ತಡೆದಿದ್ದೆನೋ ಅದು ಆಗಿಯೇ ಆಯಿತು, ನಾಲ್ಕು ವರ್ಷ ತಡವಾಗಿ ಅಷ್ಟೇ.

ಈಗ ನಾನು ಮಕ್ತಲದ ಬಸ್ ನಿಲ್ದಾಣದ ಎದುರು ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿಗಳನ್ನು ತುಂಬಿಕೊಡುತ್ತೇನೆ. ಗಣಿತದ ಮೇಡಮ್ ರಾಜೋಳಿಯ ಕಡೆ ಸ್ವಲ್ಪ ಹೊಲ ಗೇಣಿಗೆ ಹಿಡಿದು ತಾನೇ ಬೀಜದ ಹತ್ತಿ ಬೆಳೆಯುತ್ತಿದ್ದಾಳೆ ಎಂದು ಅವಳ ಊರಿನವರು ಹೇಳುತ್ತಾರೆ. ಚೆನ್ನಾಗಿದ್ದಾಳಂತೆ. ಅದನ್ನು ಹೇಳುವಾಗ ಅವರು ನನಗೆ ಸಂತೋಷವಾಗಲೆಂದು ಹೇಳುತ್ತಾರೆ, ನನಗೆ ಸಂತೋಷವಾಗುತ್ತದೆ ಕೂಡ. ಆದರೆ ಅವಳು ಚೆನ್ನಾಗಿರುವುದು ಅವಳ ಗಟ್ಟಿತನ, ಅದರಲ್ಲಿ ನನ್ನ ಪಾಲಿಲ್ಲ. ನಮ್ಮ ಕಡೆಯ ಮಕ್ಕಳಿಗೆ ಅವರ ಮನೆಯ ಮಾತಿನಲ್ಲಿ ಲೆಕ್ಕ ಹೇಳಬಲ್ಲವಳು ಒಬ್ಬಳಿದ್ದಳು. ಅವಳು ತನ್ನ ಹೊಲದಲ್ಲಿ ತಾನಿದ್ದಾಳೆ. ಶಾಲೆಯ ಹಿಂದಿನ ಮೂರು ಕೋಣೆಗಳಲ್ಲಿ ಈಗ ಮುರಿದ ಬೆಂಚುಗಳನ್ನು ಪೇರಿಸಿಟ್ಟಿದ್ದಾರೆ.